ಎಡೆಯ ಹೊತ್ತಿಗೆ ಬಂದ ಫೋನು

ಕೊರೋನಾ ಕಾಟ ಮುಗಿದು ಜನ ಮತ್ತೆ ಹಬ್ಬ ಹುಣ್ಣಿಮೆ ಅಂತ ಓಡಾಡಲು ಶುರುಮಾಡಿದ್ದ ಕಾಲ. ಆ ವರ್ಷ ಮಹಾಲಯ ಅಮಾವಾಸ್ಯೆಗೆ ನಾನು ಮುಂಚಿತವಾಗಿಯೇ ತವರಿಗೆ ಹೋಗಿದ್ದೆ. ನನ್ನನ್ನು ಕೊಟ್ಟಿರುವುದು ಕೆರಗೋಡಿನ ಕಡೆಗೆ. ತವರು ಮದ್ದೂರು ತಾಲ್ಲೂಕಿನಲ್ಲಿ, ಬೆಸಗರಹಳ್ಳಿಯಿಂದ ಸ್ವಲ್ಪ ಒಳಗೆ ಹೋಗಬೇಕಾದ ಚಿಕ್ಕ ಹಳ್ಳಿ. ಅಮಾವಾಸ್ಯೆಯ ದಿನ ನಮ್ಮಲ್ಲಿ ಪಕ್ಷದ ಹಬ್ಬ. ತೀರಿಕೊಂಡ ಹಿರಿಯರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಮಾಡಿ ಎಡೆ ಇಡುತ್ತೇವೆ. ಹಿಂದಿನ ವರ್ಷ ದಾಯಾದಿಗಳ ಮನೆಯಲ್ಲಿ ಸಾವಾಗಿ, ಸೂತಕವೆಂದು ನಮ್ಮ ಮನೆಯ ಎಡೆ ನಿಂತುಹೋಗಿತ್ತು. ಈ ಸಲ ಎಲ್ಲವೂ ಸರಿಯಾಗಿ ನಡೆಯಬೇಕೆಂದು ಎಲ್ಲರಿಗಿಂತ ಹೆಚ್ಚಾಗಿ ಹಟ ಹಿಡಿದಿದ್ದವಳು ನಾನು.

ಅವ್ವ ತೀರಿಕೊಂಡಾಗ ನಾನು ಐದನೇ ಕ್ಲಾಸು. ನನ್ನ ಓದು ಅಲ್ಲಿಗೇ ಮುಗಿಯಿತು. ಅಪ್ಪ ಇದ್ದರೂ ನನ್ನನ್ನು ಬೆಳೆಸಿದ್ದು ಅಣ್ಣ ಪುಟ್ಟಸ್ವಾಮಿ. ನನ್ನ ತಲೆಗೆ ಎಣ್ಣೆ ಹಚ್ಚಿ, ಒರಟು ಕೈಯಲ್ಲಿ ಜಡೆ ಹೆಣೆಯಲು ಹೋಗಿ ಹಗ್ಗದ ಹಾಗೆ ಹೊಸೆದುಬಿಡುತ್ತಿದ್ದ. ಅಕ್ಕಪಕ್ಕದ ಹೆಂಗಸರು ನಕ್ಕರೆ, "ಗೊನೆ ಕಟ್ಟೋ ಗಂಟು ಕಣ್ರವ್ವಾ, ಬಿಚ್ಕೋಳಕಿಲ್ಲ" ಅನ್ನುತ್ತಿದ್ದ. ಮೀಸೆ ಮೂಡುವ ಮೊದಲೇ ತೆಂಗಿನ ಮರ ಹತ್ತಲು ಕಲಿತವನು. ಮರದ ತುದಿಯಿಂದ ಎಳನೀರಿನ ಗೊನೆಯನ್ನು ಹಗ್ಗದಲ್ಲಿ ಇಳಿಬಿಡುವಾಗ, "ಜಯಾ, ಅತ್ಲಾಗ್ ನಿಂತ್ಕಮ್ಮಿ!" ಎಂದು ಕೂಗುವ ದನಿ ಇಡೀ ತೋಟಕ್ಕೆ ಕೇಳುತ್ತಿತ್ತು. ಇಳಿದು ಬಂದು, ರಾಶಿಯಲ್ಲಿ ಒಂದೊಂದನ್ನೇ ಬೆರಳ ಗಿಣ್ಣಿನಿಂದ ತಟ್ಟಿ ನೋಡಿ, ಒಳಗೆ ತೆಳು ಗಂಜಿಯಂಥ ತಿರುಳು ಕಟ್ಟಿರುವುದನ್ನೇ ಹುಡುಕಿ ನನಗೆ ಕೆತ್ತಿ ಕೊಡುತ್ತಿದ್ದ. ಉಳಿದದ್ದು ಮದ್ದೂರಿನ ಮಾರ್ಕೆಟ್ಟಿಗೆ. ನನ್ನ ಮದುವೆಯೂ ಆ ಮರಗಳ ದುಡ್ಡಿನಲ್ಲೇ ಆಯಿತು ಅನ್ನಬಹುದು.

ಹಬ್ಬದ ಬೆಳಿಗ್ಗೆ ಅಣ್ಣ ಬಾಳೆ ಎಲೆ ಕೊಯ್ದು ತಂದು ಜಗಲಿಯ ಮೇಲೆ ಕೂತವನು ಏಳಲಿಲ್ಲ. ಎದೆಯ ಮೇಲೆ ಯಾರೋ ಕೂತ ಹಾಗಿದೆ ಅಂದ. ಎಡೆ ಇಡುವವನಾದ್ದರಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ.

"ಖಾಲಿ ಒಟ್ಟೆ, ಗ್ಯಾಸ್ಟಿಕ್ಕು" ಎಂದು ತಾನೇ ತೀರ್ಮಾನ ಮಾಡಿದ.

ಅತ್ತಿಗೆ ರತ್ನ ಒಪ್ಪಲಿಲ್ಲ. "ಹಬ್ಬದ ಜಿನ ಇದೇನ್ ಗ್ರಾಚಾರ. ಜಯಕ್ಕ, ಕರ್ಕಂಡ್ ಓಗಿ ತೋರ್ಸ್ಕಂಡ್ ಬಾ ತಾಯಿ" ಅಂದರು. ಅಣ್ಣನ ಮಗ ಮಹೇಶ ತನ್ನ ಗೂಡ್ಸ್ ಗಾಡಿಯಲ್ಲಿ ನಮ್ಮಿಬ್ಬರನ್ನು ಹತ್ತಿರದ ಚಿಕ್ಕ ಆಸ್ಪತ್ರೆಗೆ ಬಿಟ್ಟು, ಮಾಂಸ ತರಲು ಹೋದ.

ಅಲ್ಲಿದ್ದ ನರ್ಸ್ ಹೆಸರು ಶಾಹಿನಾ. ಮಂಡ್ಯದವರು, ಇನ್ನೂ ಚಿಕ್ಕ ವಯಸ್ಸು. ಅಣ್ಣನನ್ನು ಮಲಗಿಸಿ ಎದೆಗೆ, ಕೈಕಾಲಿಗೆ ವೈರುಗಳನ್ನು ಅಂಟಿಸಿದರು.

"ಏನ್ ಸಿಸ್ಟರೇ, ನಂಗೂ ಕರೆಂಟ್ ಕನೆಕ್ಸನ್ ಕೊಡ್ತಾ ಇದ್ದೀರಾ?" ಅಂದ ಅಣ್ಣ.

"ಸುಮ್ನೆ ಮಲ್ಕೊಳ್ಳಿ ಅಣ್ಣಾ. ನೀವು ನಕ್ರೆ ಗೆರೆ ಕುಣಿಯತ್ತೆ" ಅಂದರು ಅವರು.

ಡಾಕ್ಟರು ಇಸಿಜಿ ಕಾಗದವನ್ನು ಹಿಡಿದು ನೋಡಿದರು. ಗೆರೆಯಲ್ಲಿ ದೊಡ್ಡ ವ್ಯತ್ಯಾಸವೇನೂ ಕಾಣುತ್ತಿಲ್ಲ, ಆದರೂ ನಂಬುವ ಹಾಗಿಲ್ಲ ಅಂದರು. ಆ ಗೆರೆಗಳನ್ನು ಮಂಡ್ಯಕ್ಕೆ ಕಳಿಸುತ್ತಾರಂತೆ. ಅಲ್ಲಿ ಮೊದಲು ಕಂಪ್ಯೂಟರೇ ಓದಿ ಹೇಳುತ್ತದಂತೆ, ಅದು ಅಪಾಯ ಅಂದರೆ ಹೃದಯದ ಡಾಕ್ಟರು ತಕ್ಷಣ ನೋಡುತ್ತಾರಂತೆ. ಅವತ್ತು ನೆಟ್‌ವರ್ಕ್ ಕೈಕೊಟ್ಟಿತ್ತು. "ಉತ್ತರ ಬರೋವರೆಗೂ ಇಲ್ಲೇ ಇರಿ" ಎಂದು ಮಾತ್ರೆ ಕೊಟ್ಟು ಕೂರಿಸಿದರು.

ಅಣ್ಣನಿಗೆ ಸ್ವಲ್ಪ ಹಗುರವಾಯಿತು. ಹೊತ್ತು ಏರುತ್ತಿತ್ತು. "ಎಡೆ ಇಡೋನು ನಾನು, ಇಲ್ ಕೂತ್ಕಂಡ್ರೆ ಆದದಾ?" ಎಂದು ಎದ್ದ. ಶಾಹಿನಾ ಸಿಸ್ಟರ್ ಬೇಡವೆಂದರು. ಆಗ ಮಾತು ಕೊಟ್ಟವಳು ನಾನು. "ನನ್ ನಂಬರ್ ಬರ್ಕಳಿ ತಾಯಿ. ಫೋನ್ ಕೈಯಲ್ಲೇ ಇಟ್ಕಂಡಿರ್ತೀನಿ. ನೀವು ಒಂದ್ ಮಾತು ಬನ್ನಿ ಅಂದ್ರೆ ಬಂದ್ಬುಡ್ತೀವಿ."

ಆಟೋ ಹಿಡಿದು ಮನೆಗೆ ಬರುವಾಗ ಅಣ್ಣ ನಗುತ್ತಿದ್ದ. "ಡಾಕ್ಟ್ರಿಗೇ ಕಾಣ್ದೆ ಇರೋದು ಆ ಡಬ್ಬಕ್ಕೆ ಏನಮ್ಮಿ ಕಾಣ್ತದೆ?" ಅಂದ. ನಾನೂ ನಕ್ಕೆ.

ಮನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ನಡುಮನೆಯಲ್ಲಿ ಬಾಳೆ ಎಲೆ ಹಾಸಿ, ಅವ್ವನಿಗೆ ಹೊಸ ಸೀರೆ, ಅಪ್ಪನಿಗೆ ಪಂಚೆ ಇಟ್ಟಿದ್ದೆವು. ಕಜ್ಜಾಯ, ವಡೆ, ಒತ್ತು ಶಾವಿಗೆ, ಮಾಂಸದ ಸಾರು, ಮುದ್ದೆ, ಅಪ್ಪನ ಬೀಡಿ ಕಟ್ಟು. ಕಜ್ಜಾಯವನ್ನು ನಾನೇ ಮಾಡಿದ್ದೆ, ಅವ್ವ ಮಾಡುತ್ತಿದ್ದ ಹಾಗೆ ಎಳ್ಳು ಹೆಚ್ಚಾಗಿ ಹಾಕಿ. ಅಣ್ಣ ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಬಂದು ಧೂಪಕ್ಕೆ ಕೆಂಡ ಹಾಕುತ್ತಿದ್ದ. ಆಗ ನನ್ನ ಫೋನು ಬಡಿದುಕೊಂಡಿತು. ಹಿತ್ತಲಿಗೆ ಹೋಗಿ ಎತ್ತಿದೆ.

"ಜಯಮ್ಮನವ್ರಾ? ನಾನು ಶಾಹಿನಾ. ನಿಮ್ಮಣ್ಣಂದು ಹಾರ್ಟ್ ಅಟ್ಯಾಕ್ ಅಂತ ಕಂಪ್ಯೂಟರ್ ತೋರಿಸ್ತಿದೆ. ಮಂಡ್ಯದ ಡಾಕ್ಟ್ರೂ ನೋಡಿ ಹೌದು ಅಂದ್ರು. ಈಗ್ಲೇ ಮಂಡ್ಯಕ್ಕೆ ಹೋಗ್ಬೇಕು. ಅವ್ರನ್ನ ನಡೆಸ್ಬೇಡಿ. ನಾನು ಆಂಬುಲೆನ್ಸ್ ಕಳಿಸ್ತೀನಿ."

ಹಿತ್ತಲ ಬಾಗಿಲಿನಿಂದ ಅಣ್ಣನ ಬೆನ್ನು ಕಾಣುತ್ತಿತ್ತು. ಧೂಪದ ಹೊಗೆ ಏಳುತ್ತಿತ್ತು. ಆಂಬುಲೆನ್ಸ್ ಬಂದರೆ ಊರೆಲ್ಲ ಸೇರುತ್ತದೆ, ಎಡೆ ಅರ್ಧಕ್ಕೆ ನಿಲ್ಲುತ್ತದೆ, ಬಾಗಿಲವರೆಗೆ ಬಂದ ಅವ್ವ ಹಸಿದುಕೊಂಡು ತಿರುಗಿ ಹೋಗುತ್ತಾಳೆ. ಹೋದ ವರ್ಷವೂ ಇಲ್ಲ, ಈ ವರ್ಷವೂ ಇಲ್ಲ. ಇಷ್ಟೂ ಒಂದೇ ಗಳಿಗೆಯಲ್ಲಿ ತಲೆಯೊಳಗೆ ಹಾದುಹೋಯಿತು.

"ಆಂಬುಲೆನ್ಸ್ ಬ್ಯಾಡಿ ತಾಯಿ. ನಮ್ ಉಡ್ಗನ ಗಾಡಿ ಅದೆ. ನಾವೇ ಒಂಟ್ವಿ" ಅಂದೆ.

"ಈಗ್ಲೇ ಹೊರಡ್ತೀರಾ? ಈಗ್ಲೇ ಹೊರಡ್ಬೇಕು."

"ಊಂ, ಒಂಟ್ವಿ."

ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದೆ. "ಯಾರಕ್ಕ ಅದು?" ಎಂದು ಅತ್ತಿಗೆ ಕೇಳಿದರು. "ಊರಿಂದ" ಅಂದೆ.

ಅಣ್ಣ ಧೂಪ ಹಾಕಿದ, ಕಾಯಿ ಒಡೆದ, ಅಡ್ಡಬಿದ್ದ. ಏಳುವಾಗ ಗೋಡೆ ಹಿಡಿದುಕೊಂಡ. ನಮ್ಮಲ್ಲಿ ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಂದಕ್ಕೆ ಎಳೆದುಕೊಂಡು ಸ್ವಲ್ಪ ಹೊತ್ತು ಕಾಯುತ್ತೇವೆ. ಹಿರಿಯರು ಬಂದು ಉಣ್ಣುವಾಗ ಯಾರೂ ನೋಡಬಾರದು, ಸದ್ದು ಮಾಡಬಾರದು. ಚಿಕ್ಕವಳಾಗಿದ್ದಾಗ ನಾನು ಬಾಗಿಲ ಸಂದಿಯಲ್ಲಿ ಇಣುಕಲು ಹೋದರೆ, ಅಣ್ಣ ನನ್ನ ಕಣ್ಣು ಮುಚ್ಚಿ ಹಿಡಿದು, "ಅವ್ವ ನಾಚ್ಕತಾಳೆ ಕಣಮ್ಮಿ, ನೋಡ್ಬ್ಯಾಡ" ಎಂದು ಕಿವಿಯಲ್ಲಿ ಹೇಳುತ್ತಿದ್ದ. ಆ ಅಂಗೈಯ ತೆಂಗಿನ ನಾರಿನ ವಾಸನೆ ಈಗಲೂ ನೆನಪಿದೆ.

ಆ ದಿನವೂ ಹಾಗೆಯೇ ನಿಂತೆವು. ಅಣ್ಣ ಜಗಲಿಯ ಮೇಲೆ ಕೂತ. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಎಡಗೈಯನ್ನು ಬಲಗೈಯಿಂದ ನೀವಿಕೊಳ್ಳುತ್ತಿದ್ದ. ನನ್ನ ಕಡೆ ನೋಡಿ, ಮಾತಾಡಬಾರದಲ್ಲ, ಏನೂ ಇಲ್ಲ ಅನ್ನುವ ಹಾಗೆ ತಲೆಯಾಡಿಸಿ ನಕ್ಕ. ನಾನು ಬಾಯಿ ಬಿಟ್ಟಿದ್ದರೆ ಸಾಕಾಗಿತ್ತು. ಮಹೇಶನ ಗಾಡಿ ಎದುರಿಗೇ ನಿಂತಿತ್ತು. ಇನ್ನೇನು ಮುಗಿಯುತ್ತದೆ, ಉಂಡ ಶಾಸ್ತ್ರ ಮಾಡಿ ಹೊರಡೋಣ, ಯಂತ್ರ ಹೇಳಿದ್ದೆಲ್ಲ ನಿಜವೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ನಿಂತೆ.

ಬಾಗಿಲು ತಟ್ಟಿ ಒಳಗೆ ಹೋದೆವು. ಎಡೆಯ ಎಲೆಯಿಂದ ಮನೆಯವರಿಗೆಲ್ಲ ಪ್ರಸಾದ ಕೊಡುವವನೂ ಹಿರಿಯ ಮಗನೇ. ಅಣ್ಣ ಬಗ್ಗಿ ಕಜ್ಜಾಯ ಎತ್ತಿದವನು ಹಾಗೆಯೇ ಮಂಡಿಯೂರಿ ಪಕ್ಕಕ್ಕೆ ವಾಲಿದ. ಅತ್ತಿಗೆ ಕಿರುಚಿಕೊಂಡರು.

ಮಹೇಶನ ಗಾಡಿಯಲ್ಲಿ ಮಂಡ್ಯ ಮುಟ್ಟುವವರೆಗೂ ಅಣ್ಣನ ತಲೆ ನನ್ನ ತೊಡೆಯ ಮೇಲಿತ್ತು. ಎಚ್ಚರವಿತ್ತು. "ಎಡೆ ಸರ್ಯಾಗ್ ಆಯ್ತಲ್ವಮ್ಮಿ?" ಎಂದು ಕೇಳಿದ. ಆಯಿತು ಅಂದೆ.

ಆಸ್ಪತ್ರೆಯವರು ಅವನ ಹೆಸರು ಕೇಳಿದ ಕೂಡಲೇ ಒಳಗೆ ಎಳೆದುಕೊಂಡು ಹೋದರು. ಆಗಿನಿಂದ ಅವನಿಗಾಗಿ ಕಾಯುತ್ತಿದ್ದರಂತೆ. ಒಬ್ಬ ಡಾಕ್ಟರು ಸಿಟ್ಟಿನಿಂದಲೇ ಕೇಳಿದರು: "ಅಲ್ರೀ, ಫೋನ್ ಮಾಡಿ ಎಷ್ಟು ಹೊತ್ತಾಯ್ತು? ಎಲ್ಲಿದ್ರಿ ನೀವು?"

ಮಹೇಶ ನನ್ನ ಮುಖ ನೋಡಿದ. "ಯಾವ್ ಫೋನು? ಅತ್ತೆ, ನಿಂಗ್ ಫೋನ್ ಬಂದಿತ್ತಾ?"

ಎಡೆ ಅರ್ಧಕ್ಕೆ ನಿಲ್ಲಬಾರದೆಂದು ಸುಮ್ಮನಿದ್ದದ್ದು ನನ್ನ ಮೊದಲ ತಪ್ಪು. ಅದನ್ನು ದಡ್ಡತನ ಅನ್ನಬಹುದೇನೋ. ಆಮೇಲೆ ನಾನು ಮಾಡಿದ್ದಕ್ಕೆ ಆ ಹೆಸರೂ ಸಲ್ಲುವುದಿಲ್ಲ.

"ಆ ನರ್ಸಮ್ಮ ಮಾಡಿದ್ರು. ಅರ್ಜೆಂಟು ಅಂತ ಯೋಳ್ಲೇ ಇಲ್ಲ ಕಣಪ್ಪ. ಸಂಜೆಗೆ ಕರ್ಕಂಡ್ ಬನ್ನಿ ಅಂದ್ರು" ಅಂದೆ.

ಅಣ್ಣನಿಗೆ ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಆದರೆ ಹೃದಯದ ಒಂದು ಭಾಗ ರಕ್ತವಿಲ್ಲದೆ ಸತ್ತುಹೋಗಿದೆ, ಇನ್ನು ಮರ ಹತ್ತುವುದು, ಭಾರ ಎತ್ತುವುದು ಆಗದು ಅಂದರು. ವಾರ್ಡಿಗೆ ಬಂದ ಮೇಲೆ ಅಣ್ಣ ಡಾಕ್ಟರನ್ನು ಕೇಳಿದ, "ಅಲ್ಲಿ ಕಾಣದ್ದು ಆ ಕಂಪ್ಯೂಟ್ರಿಗೆ ಎಂಗ್ ಸ್ವಾಮಿ ಕಾಣ್ತು?" ಡಾಕ್ಟರು ಅವನ ಮಂಚದ ಅಂಚಿನಲ್ಲಿ ಕೂತು ಹೇಳಿದರು. ಲೆಕ್ಕವಿಲ್ಲದಷ್ಟು ಜನರ ಎದೆಯ ಗೆರೆಗಳನ್ನು ಅದಕ್ಕೆ ತೋರಿಸುತ್ತಾರಂತೆ. ಇದು ಅಟ್ಯಾಕ್ ಆದವರದು, ಇದು ಆಗದವರದು ಅಂತ. ನೋಡಿ ನೋಡಿ ಅದು ತಾನೇ ಕಲಿಯುತ್ತದಂತೆ. ಕಣ್ಣಿಗೆ ಸಿಗದ ಸಣ್ಣ ವ್ಯತ್ಯಾಸವೂ ಅದಕ್ಕೆ ಸಿಗುತ್ತದಂತೆ. "ಅದೂ ಒಂದೊಂದು ಸಲ ತಪ್ಪು ಹೇಳತ್ತೆ. ಅದಕ್ಕೇ ನಾವು ಮತ್ತೆ ನೋಡ್ತೀವಿ. ಆದ್ರೆ ನಿಮ್ಮ ವಿಷಯದಲ್ಲಿ ಅದು ಸರಿಯಾಗೇ ಹೇಳ್ತು" ಅಂದರು.

"ಅಂಗಾರೆ ಅದೂ ನಮ್ಮಂಗೇ. ತಟ್ಟಿ ತಟ್ಟಿ ಕಲ್ತದೆ" ಎಂದು ಅಣ್ಣ ನಕ್ಕ. ನನಗೆ ನಗು ಬರಲಿಲ್ಲ.

ಮಹೇಶ ಸುಮ್ಮನಿರಲಿಲ್ಲ. ಆ ಚಿಕ್ಕ ಆಸ್ಪತ್ರೆಗೆ ಹೋಗಿ ಎಲ್ಲರೆದುರು ಶಾಹಿನಾ ಸಿಸ್ಟರಿಗೆ ಬಾಯಿಗೆ ಬಂದ ಹಾಗೆ ಬೈದು ಬಂದ. "ಸರಿಯಾಗೇ ಹೇಳಿದ್ದೀನಿ" ಎಂದು ಅವರು ಅತ್ತರಂತೆ. ಆಮೇಲೆ ಮೇಲಿನವರಿಗೆ ದೂರನ್ನೂ ಕೊಟ್ಟ. ಕೊಡಬೇಡ ಎಂದು ನಾನು ಹೇಳಬಹುದಿತ್ತು. "ಓಗ್ಲಿ ಬುಡು ಮಗ" ಎಂದಷ್ಟೇ ಹೇಳಿದೆ, ದೊಡ್ಡ ಮನಸ್ಸಿನವಳ ಹಾಗೆ. ಕೆಲವು ತಿಂಗಳ ಮೇಲೆ ಆ ಸಿಸ್ಟರಿಗೆ ಮಳವಳ್ಳಿ ಕಡೆಗೆ ವರ್ಗವಾಯಿತೆಂದು ಗೊತ್ತಾಯಿತು.

ಅಲ್ಲಿಂದ ಮುಂದೆ ತವರಿಗೆ ಹೋಗುವುದೆಂದರೆ ಕಾಲು ಭಾರ. ಬೆಸಗರಹಳ್ಳಿಯಲ್ಲಿ ಬಸ್ಸಿಳಿದರೆ ಮೊದಲೆಲ್ಲ ಮನಸ್ಸು ನನಗಿಂತ ಮುಂದೆ ಓಡುತ್ತಿತ್ತು. ಗಂಡನ ಮನೆಯಲ್ಲಿ ಎಷ್ಟೇ ಚೆನ್ನಾಗಿದ್ದರೂ ನಾನು ಸೊಸೆ. ಪಕ್ಷದ ದಿನ ಅಣ್ಣನ ಮನೆಯಲ್ಲಿ ಮಾತ್ರ ಮತ್ತೆ ಅವ್ವನ ಮಗಳಾಗುತ್ತಿದ್ದೆ. ಅವತ್ತು ನಾನು ಬಿಟ್ಟುಕೊಡದೆ ಇದ್ದದ್ದು ಆ ದಿನವನ್ನೇ ಇರಬೇಕು. ಅವ್ವ ಹಸಿಯುತ್ತಾಳೆ ಎನ್ನುವುದು ಅದರ ಮೇಲೆ ಹೊದಿಸಿದ ಬಟ್ಟೆ. ಎಷ್ಟು ಯೋಚಿಸಿದರೂ ನನಗೆ ಕಾಣುವುದು ಅಷ್ಟೇ.

ಎರಡು ಮೂರು ವರ್ಷ ಕಳೆದ ಮೇಲೆ ಒಂದು ಸಲ ಹೋದಾಗ ತೋಟದಲ್ಲಿ ಬೇರೆ ಊರಿನ ಆಳುಗಳು ಗೊನೆ ಇಳಿಸುತ್ತಿದ್ದರು. ಅಣ್ಣ ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು, ಕತ್ತು ಮೇಲೆತ್ತಿ ನೋಡುತ್ತಿದ್ದ. "ಲೇ, ಎಡಗಡೆ ಗೊನೆ ಇನ್ನೂ ಎಳೇದು ಕಣ್ಲಾ, ಬುಡ್ಲಾ!" ಎಂದು ಕೂಗಿದ. ಅಷ್ಟಕ್ಕೇ ಏದುಸಿರು. ಸ್ವಲ್ಪ ಸುಧಾರಿಸಿಕೊಂಡು, ಯಾರನ್ನೂ ದೂರುವ ದನಿಯಲ್ಲಲ್ಲ, ಸುಮ್ಮನೆ ಅಂದ:

"ಆ ಸಿಸ್ಟರು ಬಿರ್ರನೆ ಬನ್ನಿ ಅಂತ ಒಂದ್ ಮಾತು ಅಂದಿದ್ರೆ ಇವತ್ತು ನಾನೇ ಮೇಲಿರ್ತಿದ್ದೆ. ಅಲ್ವಮ್ಮಿ?"

ನಾನು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಎಲ್ಲ ಹೇಳಿದೆ. ಹಿತ್ತಲಿಗೆ ಹೋದದ್ದು, ಆಂಬುಲೆನ್ಸ್ ಬೇಡ ಅಂದದ್ದು, ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದು.

ಅಣ್ಣ ಮರದ ತುದಿ ನೋಡುವುದನ್ನು ಬಿಟ್ಟು ನನ್ನ ಕಡೆ ತಿರುಗಿದ. ಆಮೇಲೆ ಕೇಳಿದ, "ನೀನು ನಂಗ್ ಯೋಳಿದ್ರೆ, ಎಡೆ ಬುಟ್ಟು ನಾನ್ ಬತ್ತಿದ್ನಾ?"

ನಾನು ನೆಲದಲ್ಲಿ ಬಿದ್ದಿದ್ದ ತೆಂಗಿನ ಗರಿಯನ್ನು ಸೀಳುತ್ತ ಕೂತೆ. ಅವನೇ ಮುಂದುವರಿಸಿದ:

"ಬತ್ತಿರ್ಲಿಲ್ಲ ಅನ್ಸತದೆ. ಆದ್ರೆ ಅದು ನಾನ್ ಯೋಳ್ಬೇಕಾಗಿದ್ ಮಾತು ಕಣಮ್ಮಿ. ಎದೆ ನಂದು. ನೀನ್ ಕೇಳ್ಬೇಕಾಗಿತ್ತು." ಟವೆಲಿನಿಂದ ಮುಖ ಒರೆಸಿಕೊಂಡ. "ಓಗ್ಲಿ, ಅದು ನಂದು ನಿಂದು, ಮನೆ ಮಾತು. ಆ ಎಣ್ಮಗಳ್ ತಲೆ ಮೇಲ್ ಯಾಕಮ್ಮಿ ಆಕ್ದೆ? ಅವ್ಳೇನ್ ಮಾಡಿದ್ಲು ನಿಂಗೆ?"

ಚಿಕ್ಕಂದಿನಿಂದ ಅಣ್ಣ ನನಗೆ ಕೈ ಎತ್ತಿದವನಲ್ಲ. ಅವತ್ತು ಎರಡೇಟು ಹೊಡೆದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಸಂಜೆ ಮಹೇಶನ ಎದುರಿಗೂ ನನ್ನಿಂದಲೇ ಹೇಳಿಸಿದ. ಮಹೇಶ ಊಟದ ತಟ್ಟೆ ಬಿಟ್ಟು ಎದ್ದು ಹೋದ. ಈಗಲೂ ನನ್ನೊಡನೆ ಮೊದಲಿನ ಹಾಗೆ ಮಾತಾಡುವುದಿಲ್ಲ. ಆದರೆ ಮರುದಿನ ಬೆಳಿಗ್ಗೆ ಗಾಡಿ ತೆಗೆದು ನಮ್ಮಿಬ್ಬರನ್ನೂ ಮಳವಳ್ಳಿಗೆ ಕರೆದುಕೊಂಡು ಹೋದವನು ಅವನೇ. ದಾರಿಯುದ್ದಕ್ಕೂ ಅವನ ಕಣ್ಣು ರಸ್ತೆಯ ಮೇಲೆಯೇ ಇತ್ತು. ಅಣ್ಣನೇ ನಾಲೆ ನೀರು, ಕಬ್ಬಿನ ಗದ್ದೆ ಎಂದು ಏನೇನೋ ಹೇಳುತ್ತಿದ್ದ.

ವಿಚಾರಿಸಿಕೊಂಡು ಶಾಹಿನಾ ಸಿಸ್ಟರ್ ಇದ್ದ ಆಸ್ಪತ್ರೆ ಹುಡುಕಿದೆವು. ಹೊರಗೆ ರೋಗಿಗಳ ಸಾಲು ಉದ್ದವಿತ್ತು. ಅಣ್ಣನನ್ನು ಕಂಡ ಕೂಡಲೇ ಅವರಿಗೆ ಗುರುತು ಹತ್ತಿತು. "ಹೇಗಿದ್ದೀರಾ ಅಣ್ಣಾ?" ಎಂದು ನಕ್ಕರು. ಅಣ್ಣನ ಹಿಂದೆ ನಿಂತಿದ್ದ ಮಹೇಶನನ್ನು ನೋಡಿ ಆ ನಗು ನಿಂತುಹೋಯಿತು. ಒಂದು ಹೆಜ್ಜೆ ಹಿಂದೆ ಸರಿದರು.

"ಎದ್ರಬ್ಯಾಡಿ ತಾಯಿ, ಬಯ್ಯಕ್ ಬಂದಿಲ್ಲ. ಇವ್ಳು ಏನೋ ಯೋಳ್ಬೇಕಂತೆ" ಎಂದು ಅಣ್ಣ ನನ್ನನ್ನು ಮುಂದೆ ಮಾಡಿದ.

ನಿಂತಲ್ಲೇ ಹೇಳಿದೆ. ಒಂದನ್ನೂ ಬಿಡಲಿಲ್ಲ. ಅವರು ಕೈಯಲ್ಲಿದ್ದ ಟ್ರೇಯನ್ನು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ.

"ಈಗ್ಲೇ ಹೊರಡ್ಬೇಕು ಅಂತ ನಾನು ಹೇಳಿದ್ದೆ ಅಲ್ವಾ?" ಎಂದು ಕೇಳಿದರು.

"ಯೋಳಿದ್ರಿ ತಾಯಿ. ಒಂದ್ಸಲ ಅಲ್ಲ, ಮತ್ತೂ ಯೋಳಿದ್ರಿ."

"ನಡೆಸ್ಬೇಡಿ ಅಂತಲೂ?"

"ಅದ್ನೂ ಯೋಳಿದ್ರಿ."

ಅವರು ಕುರ್ಚಿಯ ಮೇಲೆ ಕೂತರು. "ಎಲ್ರೂ ನಾನು ಹೇಳ್ಲಿಲ್ಲ ಹೇಳ್ಲಿಲ್ಲ ಅಂತಂದು, ನನಗೇ ಅನುಮಾನ ಬಂದ್ಬಿಟ್ಟಿತ್ತು ಅಮ್ಮ. ಗಾಬರೀಲಿ ಬೇರೆ ಏನಾದ್ರೂ ಅಂದ್ನಾ, ಅವತ್ತು ಇನ್ಯಾರಿಗೋ ಹೇಳ್ಬೇಕಾದ್ದನ್ನ ನಿಮಗೆ ಹೇಳ್ದ್ನಾ ಅಂತ. ಈಗ್ಲೂ ಫೋನ್ ಮಾಡುವಾಗ ಪಕ್ಕದಲ್ಲಿ ಯಾರಾದ್ರೂ ಕೇಳಿಸ್ಕೊಳ್ಳೋರು ಇರ್ಲಿ ಅನ್ಸತ್ತೆ" ಅಂದರು. ಅಷ್ಟರಲ್ಲಿ ಒಳಗಿನಿಂದ ಯಾರೋ ಕರೆದರು. ಎದ್ದು ಹೋದರು.

ಮಹೇಶ ತಲೆ ತಗ್ಗಿಸಿಕೊಂಡು ಅವರ ಹಿಂದೆಯೇ ಹೋಗಿ ಏನೋ ಹೇಳಿ ಬಂದ. ನಾವು ಹೊರಗೆ ಗಾಡಿಯ ಹತ್ತಿರ ಬಂದೆವು.

ಒಬ್ಬರ ಪಾಲಿಗೆ ಬಂದ ಮಾತನ್ನು ಅವರಿಗೆ ಮುಟ್ಟಿಸದೆ ನಾನೇ ಇಟ್ಟುಕೊಂಡೆ. ಅದರಿಂದ ಅಣ್ಣನ ಎದೆಯಲ್ಲಿ ಒಂದಿಷ್ಟು ಸತ್ತಿತು. ಆ ಹುಡುಗಿಗೆ ತನ್ನ ಮಾತಿನ ಮೇಲೆ ತನಗಿದ್ದ ನಂಬಿಕೆಯೂ ಹೋಯಿತು. ಮೊದಲನೆಯದನ್ನು ಸರಿಮಾಡಲು ಯಾವ ಡಾಕ್ಟರಿಂದಲೂ ಆಗುವುದಿಲ್ಲ. ಎರಡನೆಯದನ್ನು ಇಷ್ಟು ವರ್ಷ ಸರಿಮಾಡದೆ ಬಿಟ್ಟಿದ್ದವಳು ನಾನೊಬ್ಬಳೇ.

"ಕ್ಷಮಿಸಿದೀನಿ ಅಂತ ಅವ್ರು ಅನ್ನಲೇ ಇಲ್ಲ ಅಣ್ಣ" ಅಂದೆ, ಗಾಡಿ ಹತ್ತುವಾಗ.

ಅಣ್ಣ ನನ್ನನ್ನೇ ನೋಡಿದ. "ನೀನೂ ಕೇಳ್ನಿಲ್ವಲ್ಲಮ್ಮಿ" ಅಂದ.

ಹೌದು. ಎಲ್ಲ ಹೇಳಿದ್ದೆ, ಅದೊಂದನ್ನು ಕೇಳಿರಲಿಲ್ಲ. ಇಳಿದು ಮತ್ತೆ ಒಳಗೆ ಹೋದೆ. ಸಿಸ್ಟರ್ ಕೆಲಸದಲ್ಲಿದ್ದರು. ಅವರ ಬಾಗಿಲ ಮುಂದೆ ರೋಗಿಗಳು ಕಾಯುತ್ತಿದ್ದರು. ನಾನೂ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ.